ಸದ್ದಿಲ್ಲದ ಕೋಟು

ಮಾನ್ಯ ಪಾಸ್ಟರ್ ಲಿಂಡ್‌ಕ್ವಿಸ್ಟ್ ಅವರಿಗೆ,

ಭಾನುವಾರ ಮೌನ ಪ್ರಾರ್ಥನೆಯಲ್ಲಿ ನನ್ನ ಗಂಡ ಆರ್ವಿನ್ ಹೊಸ ಕೋಟು ತೊಟ್ಟು ಮತ್ತೆ ಮತ್ತೆ ಎದ್ದು ಕೂತು ಮಾಡಿದ್ದಕ್ಕೆ ಕ್ಷಮಿಸಿ. ನಾನು ಹೊಲಿದು ಮಾರುವ ಬೇಟೆ ಕೋಟು ಸ್ವಲ್ಪ ಸರಪರ ಎಂದರೂ ಜಿಂಕೆ ಓಡಿಹೋಗುತ್ತದೆ. ಅದನ್ನು ಪರೀಕ್ಷಿಸಲು ನಿಮ್ಮ ಚರ್ಚಿನಷ್ಟು ನಿಶ್ಶಬ್ದದ ಜಾಗ ಊರಲ್ಲಿ ಇನ್ನೊಂದಿಲ್ಲ.

ಕೋಟು ಪಾಸಾಯಿತು. ಆಮೇಲೆ ಕೇಳಿಸಿದ್ದು ಆರ್ವಿನ್ ಗೊರಕೆ. "ನೀನು ಅಷ್ಟು ಬೆಚ್ಚಗೆ ಹೊಲಿದ್ರೆ ನಾನೇನು ಮಾಡ್ಲಿ" ಅನ್ನುತ್ತಾನೆ. ಹಿಂದಿನ ಬೆಂಚಿನವರು ಮಾತ್ರ "ವೆರ್ನಾ ಕೋಟು ಗೊರಗೊರ ಅನ್ನುತ್ತಂತೆ" ಎಂದು ಊರೆಲ್ಲ ಹಬ್ಬಿಸಿದ್ದಾರೆ. ಬೇಟೆಯ ಹಂಗಾಮು ಹತ್ತಿರ ಬಂತು, ಒಬ್ಬರೂ ಅಂಗಡಿಗೆ ಬರುತ್ತಿಲ್ಲ. ಸದ್ದು ಕೋಟಿನದಲ್ಲ, ಗಂಡನದು ಎಂದು ಈ ಭಾನುವಾರ ಪ್ರಕಟಣೆಗಳ ಜೊತೆ ಹೇಳಿಬಿಡಿ.

ಅಂದಹಾಗೆ, ಅವನನ್ನು ಎಬ್ಬಿಸಲು ನೀವು ನಮ್ಮ ಬೆನ್ನ ಹಿಂದೆ ಬಂದು ನಿಂತದ್ದು ಯಾರಿಗೂ ಕೇಳಿಸಲಿಲ್ಲ. ನಿಮ್ಮ ನಿಲುವಂಗಿಯ ಒಳಗೆ ತೊಟ್ಟಿದ್ದ ನಮ್ಮ ಅಂಗಡಿಯ ಬೇಟೆ ಪ್ಯಾಂಟು ಸೊಂಟಕ್ಕೆ ಬಿಗಿಯಾದರೆ ಕಳಿಸಿ, ಸಡಿಲ ಮಾಡಿಕೊಡುತ್ತೇನೆ.

ನಿಮ್ಮ ಸಭೆಯ,
ವೆರ್ನಾ ಟೋರ್ವಿಕ್