ಮೊದಲ ಸಾಲು ಹೊಡೆದುಹಾಕಿದ್ದೀನಿ

ರೋತುವಾಳ ಅಪ್ಪಾ,

ಮಗಳಿಗೆ ಮದುವೆ ತುರುಬು ಕಟ್ಟಿಸೋಕೆ ಹೊರಟಿದ್ದೀವಿ, ನೀವು ನೇರ ಚರ್ಚಿಗೆ ಬನ್ನಿ. ಕಾಫಿ ಫ್ಲಾಸ್ಕಿನಲ್ಲಿದೆ.

ನಿಮ್ಮ ಸ್ವಾಗತ ಭಾಷಣ ಓದಿದೆ. "ಇವರ ತಂಗಿಯನ್ನು ದೋಣಿಯಲ್ಲಿ ಹಾರಿಸಿಕೊಂಡು ಬಂದ ಕಳ್ಳ ನಾನೇ" ಅಂತಲೇ ಶುರು ಮಾಡೋದಾ? ಮಿಕ್ಕವರೆಲ್ಲ ನಗ್ತಾರೆ, ಸರಿ. ಇಪ್ಪತ್ತಾರು ವರ್ಷ ನನ್ನ ಮುಖ ನೋಡದ ಅಣ್ಣ ಇವತ್ತು ಬರ್ತಿದ್ದಾನೆ, ಅವನು ನಗ್ತಾನಾ? ಸಿಟ್ಟಿಗೆದ್ದು ಹೊರಟುಹೋದರೆ ರೋತುವಾಳ ಹೆಗಲಿಗೆ ಉಲೋಸ್ ಶಾಲು ಹೊದಿಸೋರು ಯಾರು? ಸೋದರಮಾವ ಹರಸದ ಮದುವೆ ಅಂತ ಸಮೋಸಿರ್ ದ್ವೀಪವೆಲ್ಲ ಆಡಿಕೊಳ್ಳುತ್ತೆ.

ಆ ಸಾಲು ಹೊಡೆದುಹಾಕಿದ್ದೀನಿ. ಮೊದಲು ಸಹಲಾ ಅಣ್ಣನ ಹೆಸರು ಹೇಳಿ. ಪಾದ್ರಿಗಳು, ನಿಮ್ಮ ಆಫೀಸಿನ ಸಾಹೇಬರು ಎಲ್ಲ ಆಮೇಲೆ. ಹೆಸರು ಹೇಳಿ ಸುಮ್ಮನೆ ನಿಂತ್ಕೊಳ್ಳಿ. ಅವನು ತಲೆ ಎತ್ತೋವರೆಗೂ ಮುಂದಕ್ಕೆ ಹೋಗಬೇಡಿ.

ಎತ್ತದೇ ಹೋದರೆ?

ಎತ್ತದೇ ಹೋದರೆ ಕಾಗದ ಮಡಚಿಟ್ಟು ನಿಜ ಹೇಳಿಬಿಡಿ. ಆವತ್ತು ನಿಮಗೆ ಹುಟ್ಟು ಹಿಡಿಯೋಕೂ ಬರ್ತಿರಲಿಲ್ಲ, ಅಕ್ಕಪಕ್ಕ ನೋಡದೆ ಈ ದಡದವರೆಗೂ ದೋಣಿ ನಡೆಸಿದವಳು ನಾನು ಅಂತ. ಅಣ್ಣನಿಗೆ ಅದನ್ನು ಇದುವರೆಗೂ ಯಾರೂ ಹೇಳಿಲ್ಲ.

ಆಗ ನಾನು ಎದ್ದು ನಿಲ್ತೀನಿ.