ಏಳನೇ ಕ್ಯಾಮೆರಾದ ಮರಿ

ಬುಧವಾರ, ಮಧ್ಯಾಹ್ನ

ಪ್ರೀತಿಯ ಅಕ್ಕ,

ನಿನ್ನೆ ಫೋನಿನಲ್ಲಿ ನೀನು, "ಭಾನುವಾರ ಸಾಸಿವೇನ ಕರ್ಕೊಂಡ್ ಬಂದು ಬಿಟ್ಟು ಹೋಗ್ತೀನಿ, ನಿನ್ ಕೈಲಿ ಆಗುತ್ತೆ ತಾನೆ?" ಎಂದು ಕೇಳಿದೆ. ನಾನು ಹೂಂ ಅಂದೆ. ಆ ಹೂಂ ನನ್ನನ್ನು ಈ ಕಾಗದದ ಮುಂದೆ ಕೂರಿಸಿದೆ. ಫೋನಿನಲ್ಲಿ ನನಗೆ ಸುಳ್ಳು ನೀರು ಕುಡಿದಷ್ಟು ಸಲೀಸು. ಬರೆಯಲು ಕೂತರೆ ಕೈ ತಡೆಯುತ್ತದೆ.

ನಾನು ಚೆನ್ನಾಗಿದ್ದೇನೆ. ರಾತ್ರಿ ಆರು ಗಂಟೆ ನಿದ್ದೆ ಮಾಡುತ್ತೇನೆ ಎಂದು ಹೇಳಿದ್ದೆನಲ್ಲ, ಅದು ನಿಜವಲ್ಲ. ಎರಡು ಹೊತ್ತು ಊಟ ಮಾಡುತ್ತಿರುವುದು ನಿಜ. ಮನೆ ಗುಡಿಸಿದ್ದೇನೆ, ತೊಟ್ಟಿಲ ಬಟ್ಟೆ ಒಗೆದು ಮಡಿಸಿಟ್ಟಿದ್ದೇನೆ. ಇವರು ರೈಲಿನ ಕೆಲಸ ಮುಗಿಸಿ ಮೂರು ದಿನಕ್ಕೊಮ್ಮೆ ಮನೆಗೆ ಬರುತ್ತಾರೆ, ನನ್ನ ಮುಖ ನೋಡುತ್ತಾರೆ, ಬೂಟು ಬಿಚ್ಚುತ್ತಾರೆ. ನೀನು ಸಾಸಿವೆಯನ್ನು ಕರೆದುಕೊಂಡು ಹೋಗಿ ಇವತ್ತಿಗೆ ಹದಿನೇಳು ದಿನ. ಅವಳಿಗೆ ಆ ಹೆಸರಿಟ್ಟವಳು ನೀನೇ: ಕಾದ ಎಣ್ಣೆಗೆ ಬಿದ್ದ ಹಾಗೆ ಸಿಡಿಯುತ್ತಾಳೆ ಎಂದು. ಈ ಮನೆಯಲ್ಲಿ ಈಗ ಯಾರೂ ಸಿಡಿಯುವುದಿಲ್ಲ.

ನೀನು ಅವಳನ್ನು ಕರೆದುಕೊಂಡು ಹೋದ ಆ ಭಾನುವಾರ ನಾನು ಔಷಧಿ ಅಂಗಡಿಗೆ ಹೋಗಿರಲಿಲ್ಲ ಅಕ್ಕ. ದಾರಿಯಲ್ಲಿ ಸ್ಕೂಟರ್ ಪಂಕ್ಚರ್ ಆಗಿರಲಿಲ್ಲ. ಇದನ್ನು ಮೊದಲು ಬರೆದುಬಿಟ್ಟರೆ ಮಿಕ್ಕದ್ದು ತಾನಾಗಿ ಬರುತ್ತದೆ ಅಂದುಕೊಂಡಿದ್ದೆ. ಬರುತ್ತಿಲ್ಲ. ಹಾಗಾಗಿ ನನ್ನ ಕೆಲಸದಿಂದಲೇ ಶುರು ಮಾಡುತ್ತೇನೆ.

ನಿನಗೆ ನನ್ನ ಕೆಲಸ ಮೊದಲಿಂದಲೂ ತಮಾಷೆ. "ಜಿಂಕೆ ಹುಲ್ಲು ತಿನ್ನೋದನ್ನ ನೋಡೋಕೂ ಸಂಬಳ ಕೊಡ್ತಾರಾ? ನಮ್ಮನೆಯವರು ತಿನ್ನೋದನ್ನ ಇಷ್ಟು ವರ್ಷದಿಂದ ನೋಡ್ತಿದೀನಿ, ನಂಗ್ಯಾರು ಕೊಡ್ತಾರೆ?" ಎಂದು ಭಾವನ ಎದುರೇ ಹೇಳಿದ್ದೆ. ಕಾಡಿನಲ್ಲಿ ಮರಗಳ ಬುಡಕ್ಕೆ, ಮೊಣಕಾಲೆತ್ತರದಲ್ಲಿ, ನಮ್ಮ ಹನ್ನೊಂದು ಕ್ಯಾಮೆರಾಗಳಿವೆ. ಎದುರಿಗೆ ಏನಾದರೂ ಅಲುಗಿದರೆ ತಾವೇ ಎಚ್ಚೆತ್ತು ಇಪ್ಪತ್ತು ಸೆಕೆಂಡು ವಿಡಿಯೋ ತೆಗೆಯುತ್ತವೆ. ಹೋದ ವರ್ಷದವರೆಗೆ ಫೋಟೋ ಮಾತ್ರ ತೆಗೆಯುತ್ತಿದ್ದವು. ಈ ಅಧ್ಯಯನ ನಡೆಸುವ ನಮ್ಮ ಮೇಡಂ ಅದನ್ನು ಬದಲಾಯಿಸಿದರು. ಫೋಟೋದಲ್ಲಿ ಜಿಂಕೆ ಇದೆ ಅಂತ ಗೊತ್ತಾಗುತ್ತೆ, ಏನು ಮಾಡ್ತಿದೆ ಅಂತ ಗೊತ್ತಾಗಲ್ಲ ಅನ್ನುವುದು ಅವರ ಮಾತು. ನಿಜವೇ. ತಾಯಿ ಜಿಂಕೆ ಮರಿಯ ಮೇಲೆ ಬಾಗಿರುವ ಒಂದು ಫೋಟೋ ನಮ್ಮ ಕಚೇರಿಯ ಗೋಡೆಯ ಮೇಲಿದೆ. ನೋಡಿದವರೆಲ್ಲ ಮುದ್ದಿಸುತ್ತಿದೆ ಅನ್ನುತ್ತಾರೆ. ಅಂಥದೇ ವಿಡಿಯೋ ಸಿಕ್ಕಾಗ ನೋಡಿದರೆ, ಅದು ಮರಿಯನ್ನು ಕೆಚ್ಚಲಿನಿಂದ ದೂರ ತಳ್ಳುತ್ತಿತ್ತು.

ಆ ವಿಡಿಯೋಗಳನ್ನು ಒಂದೊಂದಾಗಿ ನೋಡಿ, ತಲೆ ಎತ್ತಿ ನಿಂತದ್ದು ಎಷ್ಟು ಸೆಕೆಂಡು, ಮೇಯ್ದದ್ದು ಎಷ್ಟು, ಮರಿಯನ್ನು ನೆಕ್ಕಿದ್ದು ಎಷ್ಟು ಎಂದು ಪಟ್ಟಿ ಮಾಡುವುದು ನನ್ನ ಕೆಲಸ. ಕಂಡದ್ದನ್ನು ಬರಿ, ಅನ್ನಿಸಿದ್ದನ್ನು ಬರೀಬೇಡ ಅಂತ ಮೇಡಂ ಮೊದಲ ದಿನವೇ ಹೇಳಿದ್ದರು. ಜಿಂಕೆ ಹೆದರಿತು ಎಂದು ಬರೆಯುವ ಹಾಗಿಲ್ಲ. ಮುಂಗಾಲಿನಿಂದ ನೆಲ ಬಡಿಯಿತು, ಎರಡು ಸಲ, ಎಂದು ಬರೆಯಬೇಕು. ಹೆರಿಗೆ ಆದಮೇಲೆ ಮನೆಯಲ್ಲೇ ಕೂತು ಮಾಡು ಎಂದು ಲ್ಯಾಪ್‌ಟಾಪ್ ಕಳಿಸಿದರು. ಸಾಸಿವೆಯನ್ನು ತೊಡೆಯ ಮೇಲೆ ಹಾಕಿಕೊಂಡು, ಒಂದು ಕೈಯಲ್ಲಿ ಅವಳನ್ನು ತಟ್ಟುತ್ತಾ, ಇನ್ನೊಂದರಲ್ಲಿ ಸೆಕೆಂಡುಗಳನ್ನು ಬರೆಯುತ್ತಿದ್ದೆ.

ಏಳನೇ ಕ್ಯಾಮೆರಾ ಮಾತ್ರ ಬೇರೆ ಜಾತಿಯದು. ತೆಗೆದ ವಿಡಿಯೋವನ್ನು ನೇರವಾಗಿ ನನ್ನ ಫೋನಿಗೆ ಕಳಿಸುತ್ತದೆ. ಅದರೆದುರು ಒಂದು ಬಿದ್ದ ಮರ, ಮರದ ಮಗ್ಗುಲಿಗೆ ಹುಲ್ಲು, ಹುಲ್ಲಿನಲ್ಲಿ ಒಂದು ಮರಿ. ಹುಟ್ಟಿ ವಾರವಾಗಿತ್ತೇನೋ. ಜಿಂಕೆಗಳು ಮರಿಯನ್ನು ಹೀಗೆ ಬಚ್ಚಿಟ್ಟು ದೂರ ಹೋಗುತ್ತವೆ. ಮರಿಗೆ ಇನ್ನೂ ವಾಸನೆ ಇರುವುದಿಲ್ಲ. ತಾಯಿ ಪಕ್ಕದಲ್ಲಿದ್ದರೆ ಅವಳ ವಾಸನೆ ಹಿಡಿದು ಬೇರೆ ಪ್ರಾಣಿಗಳು ಬರುತ್ತವೆ. ಅದಕ್ಕೇ ಹಾಲು ಕುಡಿಸುವಷ್ಟು ಹೊತ್ತು ಬಂದು ಹೋಗುತ್ತಾಳೆ. ಒಂಟಿ ಮರಿ ಕಂಡರೆ ಮುಟ್ಟಬೇಡಿ, ತಾಯಿ ಬಂದೇ ಬರುತ್ತಾಳೆ ಎಂದು ಹೋದ ವರ್ಷ ನಾಲ್ಕು ಶಾಲೆಗಳಿಗೆ ಹೋಗಿ ಪಾಠ ಮಾಡಿದವಳು ನಾನೇ.

ಹಿಂದಿನ ದಿನ, ಶನಿವಾರ ಸಂಜೆ ನಾಲ್ಕು ಗಂಟೆಗೆ ತಾಯಿ ಹೊರಟುಹೋದ ವಿಡಿಯೋ ಬಂತು. ಆಮೇಲೆ ಫೋನು ಸದ್ದೇ ಮಾಡಲಿಲ್ಲ. ಆಗ ಸಾಸಿವೆ ಗಂಟೆಗೊಮ್ಮೆ ಏಳುತ್ತಿದ್ದ ಕಾಲ, ನಿನಗೆ ಗೊತ್ತು. ಅವಳು ಎದ್ದಾಗಲೆಲ್ಲ ನಾನು ಫೋನು ನೋಡಿದೆ. ಬೆಳಗ್ಗೆ ಏಳರಿಂದ ಹತ್ತರೊಳಗೆ ಐದು ವಿಡಿಯೋ ಬಂದವು. ಐದರಲ್ಲೂ ಮರಿ ಒಂದೇ. ಕಿವಿ ಅಲುಗಿಸುತ್ತದೆ, ಮಲಗುತ್ತದೆ. ಹದಿನೆಂಟು ಗಂಟೆಯಿಂದ ತಾಯಿ ಬಂದಿಲ್ಲ. ಅದು ಬಿಟ್ಟು ಹೋಗಿದೆ, ಈ ಮರಿ ಸಾಯುತ್ತದೆ ಎಂದು ನನ್ನ ತಲೆಯೊಳಗೆ ಯಾರೋ ಮೊಳೆ ಹೊಡೆದ ಹಾಗಾಯಿತು. ನಾನು ಸ್ಕೂಟರಿನ ಕೀ ತೆಗೆದುಕೊಂಡೆ.

ಸಾಸಿವೆಯನ್ನು ಮರೆತೆ ಎಂದು ಬರೆಯಬಹುದಿತ್ತು. ನಿದ್ದೆಗೆಟ್ಟವಳು, ಮರೆತಳು ಎಂದು ನೀನು ನಂಬುತ್ತಿದ್ದೆ. ನಾನು ಮರೆಯಲಿಲ್ಲ. ಹಾಲು ಕುಡಿಸಿ ತೊಟ್ಟಿಲಲ್ಲಿ ಮಲಗಿಸಿದೆ. ಅವಳು ಏಳಬಾರದೆಂದು ಸದ್ದಾಗದ ಹಾಗೆ ಬೀಗ ಹಾಕಿದೆ. ಮೆಟ್ಟಿಲು ಇಳಿಯುವಾಗ ನನ್ನ ಎರಡು ಕೈಗಳೂ ಖಾಲಿ ಇದ್ದವು. ಎಷ್ಟು ಹಗುರ ಅನ್ನಿಸಿತು ಎಂದರೆ ಕೊನೆಯ ಎರಡು ಮೆಟ್ಟಿಲನ್ನು ಹಾರಿಯೇ ಇಳಿದೆ.

ದಾರಿ ನಲವತ್ತು ನಿಮಿಷದ್ದು, ಆಮೇಲೆ ಸ್ವಲ್ಪ ನಡಿಗೆ. ಮರಿ ಓಡಲಿಲ್ಲ. ಆ ವಯಸ್ಸಿನವು ಓಡುವುದಿಲ್ಲ, ನೆಲಕ್ಕೆ ಅಂಟಿಕೊಳ್ಳುತ್ತವೆ. ಎತ್ತಿಕೊಂಡು ಸ್ಕೂಟರಿನವರೆಗೆ ಬಂದೆ. ಅಲ್ಲಿ ಅದು ಒಂದು ಸಲ ಕೂಗಿತು. ತೆಳ್ಳಗೆ, ಬಾಗಿಲ ಕೀಲು ಕಿರುಗುಟ್ಟಿದ ಹಾಗೆ. ನನ್ನ ಎದೆಯಲ್ಲಿ ಹಾಲು ಇಳಿದು ಸ್ವೆಟರ್ ಒದ್ದೆಯಾಯಿತು. ಆಗ ಗಡಿಯಾರ ನೋಡಿದೆ.

ದಾರಿಯಲ್ಲೇ ನಮ್ಮ ಕಚೇರಿ. ಭಾನುವಾರ, ಯಾರೂ ಇರಲಿಲ್ಲ. ಹಿಂದಿನ ಶೆಡ್ಡಿನಲ್ಲಿ, ಬ್ಯಾಟರಿ ಬಂದಿದ್ದ ರಟ್ಟಿನ ಪೆಟ್ಟಿಗೆಯೊಳಗೆ ಗೋಣಿಚೀಲ ಹಾಸಿ ಮರಿಯನ್ನು ಇಟ್ಟು ಮನೆಗೆ ಬಂದೆ. ಒಟ್ಟು ಮೂರು ಗಂಟೆ. ಕೆಳಮನೆಯ ಟೈಲರಮ್ಮ ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡೇ ಮೆಟ್ಟಿಲ ಮೇಲೆ ಕೂತಿದ್ದರು. ಸಾಸಿವೆ ಅವರ ಭುಜದ ಮೇಲೆ ಬಿಕ್ಕುತ್ತಿದ್ದಳು. ದನಿ ಬಿದ್ದುಹೋಗಿತ್ತು. "ಮಿಷನ್ ಸದ್ದಲ್ಲಿ ನಂಗೆ ಕೇಳಿಸ್ಲೇ ಇಲ್ಲ ಕಣಮ್ಮ. ಕರೆಂಟ್ ಹೋಯ್ತು, ಆಗ ಕೇಳಿಸ್ತು. ಎಷ್ಟು ಹೊತ್ತಿಂದ ಅಳ್ತಿತ್ತೋ" ಅಂದರು. ನನ್ನನ್ನು ಬೈಯಲಿಲ್ಲ. ಕರೆಂಟು ಹೋಗದಿದ್ದರೆ ಏನಾಗುತ್ತಿತ್ತು ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ತಮ್ಮ ಬಳಿಯಿದ್ದ ಇನ್ನೊಂದು ಬೀಗದ ಕೈಯಿಂದ ಬಾಗಿಲು ತೆಗೆದು, ನಿನಗೆ ಫೋನು ಮಾಡಿದ್ದರು.

ನಾಲ್ಕು ಗಂಟೆಗೆ ನೀನು ಬಂದೆ. ನಾನು ಔಷಧಿ ಅಂಗಡಿಯ ಕಥೆ ಹೇಳಿದೆ. ನೀನು ನನ್ನ ಸ್ವೆಟರಿಗೆ ಅಂಟಿದ್ದ ಹುಲ್ಲಿನ ಬೀಜಗಳನ್ನು ಒಂದೊಂದೇ ಕಿತ್ತು ಮೇಜಿನ ಮೇಲೆ ಸಾಲಾಗಿ ಇಟ್ಟೆ. "ಔಷಧಿ ಅಂಗಡಿ ಮುಂದೆ ಇಷ್ಟೊಂದು ಹುಲ್ಲು ಬೆಳ್ದಿದ್ಯಾ?" ಅಂದೆ. ನೀನು ಎದ್ದು ಸಾಸಿವೆಯ ಬಟ್ಟೆಗಳನ್ನು ಚೀಲಕ್ಕೆ ತುಂಬತೊಡಗಿದೆ.

ನಿನ್ನಿಂದ ಮುಚ್ಚಿಟ್ಟದ್ದು ಇನ್ನೂ ಒಂದಿದೆ. ನಮ್ಮ ಕ್ಯಾಮೆರಾಗಳನ್ನು ನೋಡಿಕೊಳ್ಳುವ ಗಡ್ಡದಣ್ಣನಿಗೆ ಆಗಲೇ ಫೋನು ಮಾಡಬೇಕಿತ್ತು. ಶೆಡ್ಡಿನಲ್ಲಿ ಮರಿ ಇದೆ ಅಂದಿದ್ದರೆ ಕತ್ತಲಾಗುವುದರೊಳಗೆ ಅದನ್ನು ಆ ಬಿದ್ದ ಮರದ ಬಳಿಯೇ ಬಿಟ್ಟು ಬರುತ್ತಿದ್ದ. ತಾಯಿ ಹಾಲು ಕೊಡುತ್ತಿದ್ದಳು. ಫೋನು ಕೈಯಲ್ಲಿ ಹಿಡಿದೇ ನಿಂತಿದ್ದೆ. ಯಾರಿಗೆ ಎಂದು ನೀನು ಕೇಳಿದೆ. ಯಾರಿಗೂ ಇಲ್ಲ ಅಂದೆ. ಅವನೊಡನೆ ಮಾತಾಡಿದರೆ ನಾನು ಎಲ್ಲಿಗೆ ಹೋಗಿದ್ದೆ ಎಂದು ನಿನಗೆ ಗೊತ್ತಾಗುತ್ತಿತ್ತು. ನನ್ನ ಸುಳ್ಳು ಉಳಿಯಲಿ ಎಂದು ಆ ಮರಿಯನ್ನು ಒಂದು ರಾತ್ರಿ ರಟ್ಟಿನ ಪೆಟ್ಟಿಗೆಯಲ್ಲಿ ಬಿಟ್ಟೆ. ಬೆಳಗ್ಗೆ ಅವನೇ ಶೆಡ್ಡಿನ ಬಾಗಿಲು ತೆಗೆದು ನೋಡಿದ. ಸತ್ತಿತ್ತು.

ಅವತ್ತು ಮಧ್ಯಾಹ್ನ ಅವನು ಏಳನೇ ಕ್ಯಾಮೆರಾದ ಜಾಗವನ್ನು ನೋಡಿಕೊಂಡು, ಅಲ್ಲಿಂದ ನೇರವಾಗಿ ನಮ್ಮ ಮನೆಗೆ ಬಂದ. ಬೂಟಿನ ತುಂಬ ಕೆಸರು ಎಂದು ಒಳಗೆ ಬರದೆ ಹೊಸ್ತಿಲಾಚೆಯೇ ನಿಂತ. "ಅಮ್ಮಾ, ಆ ಕ್ಯಾಮೆರಾನ ಬೆಳಗ್ಗೆ ಏಳಕ್ಕೆ ಎಬ್ಬಿಸಿ ಸಂಜೆ ಐದಕ್ಕೆ ಮಲಗಿಸೋ ಹಾಗೆ ಮಾಡ್ಸಿದ್ದು ನೀವೇ ಅಲ್ವಾ? ಹೊಸ ಬ್ಯಾಟರಿ ಬರೋವರೆಗೂ ಅಂತ" ಅಂದ.

ಹೌದು. ನಾನೇ ಹೇಳಿ ಮಾಡಿಸಿದ್ದೆ. ತಾಯಿ ಕತ್ತಲಾದ ಮೇಲೆ ಬಂದಿದ್ದಳು, ಬೆಳಗಾಗುವ ಮುಂಚೆ ಇನ್ನೊಮ್ಮೆ ಬಂದಿದ್ದಳು. ಕ್ಯಾಮೆರಾ ಮಲಗಿತ್ತು, ಅಷ್ಟೆ. ನನ್ನ ಹೆಜ್ಜೆ ಗುರುತಿನ ಅಡಿಯಲ್ಲೇ ಅವಳ ಗೊರಸಿನ ಹಸಿ ಗುರುತುಗಳಿದ್ದವಂತೆ. ಮರಿಯನ್ನು ಹೂತೆ, ಯಾರಿಗೂ ಹೇಳಿಲ್ಲ ಎಂದು ಹೇಳಿ ಅವನು ಹೋದ. ಹೋಗುವಾಗ, "ಮಲ್ಕೊಳ್ಳಿ ಅಮ್ಮ, ನಿಮ್ಮ ಕಣ್ಣು ನೋಡಕ್ಕಾಗ್ತಿಲ್ಲ" ಅಂದ.

ಹೊಸ ಬ್ಯಾಟರಿ ಆ ದಿನವೇ ಹಾಕಿದ. ಏಳನೇ ಕ್ಯಾಮೆರಾ ಹಗಲೂ ರಾತ್ರಿ ಕಳಿಸತೊಡಗಿತು. ಮೊದಲ ದಿನ ಹದಿನಾಲ್ಕು ವಿಡಿಯೋ. ತಾಯಿ ಬರುತ್ತದೆ, ಬಿದ್ದ ಮರವನ್ನು ಸುತ್ತುತ್ತದೆ, ಹುಲ್ಲನ್ನು ಮೂಸುತ್ತದೆ, ಮೂರು ಸಲ ಕೂಗುತ್ತದೆ, ಕಿವಿ ಮುಂದಕ್ಕೆ ಮಾಡಿ ಹದಿನೇಳು ಸೆಕೆಂಡು ನಿಲ್ಲುತ್ತದೆ. ಎರಡನೇ ದಿನ ಒಂಬತ್ತು. ಮೂರನೇ ದಿನ ನಾಲ್ಕು. ನಾಲ್ಕನೇ ದಿನ ಒಂದೇ ಒಂದು: ಮೇಯುತ್ತಾ ಹಾದುಹೋಯಿತು, ನಿಲ್ಲಲಿಲ್ಲ. ಎಲ್ಲವನ್ನೂ ಪಟ್ಟಿ ಮಾಡಿದೆ. ಮರಿ ಕಳೆದುಕೊಂಡ ತಾಯಿಯ ನಡವಳಿಕೆ ಇಷ್ಟು ಪೂರ್ತಿಯಾಗಿ ನಮಗೆ ಎಂದೂ ಸಿಕ್ಕಿಲ್ಲ ಎಂದು ಮೇಡಂ ಹೊಗಳಿದರು. ಮರಿ ಏನಾಯಿತು ಎಂದು ಕೇಳಿದರು. ಆ ಕಾಲಂನಲ್ಲಿ 'ಗೊತ್ತಿಲ್ಲ' ಎಂದು ಬರೆದಿದ್ದೇನೆ. ನಾಳೆ ಅವರಿಗೆ ಹೇಳಿಬಿಡುತ್ತೇನೆ. ಕೆಲಸ ಹೋದರೆ ಹೋಗಲಿ.

ಆದರೆ ನೀನು ಬರುವ ಭಾನುವಾರದ ಬಗ್ಗೆ ತಾನೇ ಕೇಳಿದ್ದು.

ನಾನು ಆ ಮರಿಯ ಬಳಿ ಹೋದಾಗ ಹಗಲು, ಕ್ಯಾಮೆರಾ ಎಚ್ಚರವಿತ್ತು. ನನ್ನ ವಿಡಿಯೋ ನನ್ನ ಫೋನಿಗೇ ಬಂದಿದೆ. ಮನುಷ್ಯರು ಕಂಡ ವಿಡಿಯೋವನ್ನು ಪೂರ್ತಿ ನೋಡದೆ ಅಳಿಸಬೇಕು ಅನ್ನುವುದು ನಮ್ಮ ನಿಯಮ. ನಾನು ಅಳಿಸಿಲ್ಲ. ಕಂಡದ್ದನ್ನು ಮಾತ್ರ ಬರೆಯುತ್ತೇನೆ. ಒಬ್ಬ ಹೆಂಗಸು, ಒಬ್ಬಳೇ. ಬಲಗಡೆಯಿಂದ ಬರುತ್ತಾಳೆ. ಬಾಗುತ್ತಾಳೆ, ನಾಲ್ಕು ಸೆಕೆಂಡು. ಮರಿಯನ್ನು ಎತ್ತಿ ಭುಜಕ್ಕೆ ಹಾಕಿಕೊಂಡು ಬೆನ್ನು ತಟ್ಟುತ್ತಾಳೆ, ಆರು ಸಲ. ನಗುತ್ತಾಳೆ, ಹನ್ನೊಂದು ಸೆಕೆಂಡು.

ಆ ನಗು ನೋಡಿ ಇದು ಯಾರು ಅನ್ನಿಸಿತು ಅಕ್ಕ. ಸಾಸಿವೆ ಹುಟ್ಟಿದಾಗಿನಿಂದ ನೀವೆಲ್ಲ ತೆಗೆದ ಫೋಟೋಗಳನ್ನು ಒಂದೂ ಬಿಡದೆ ನೋಡಿದೆ. ಅವಳನ್ನು ಎತ್ತಿಕೊಂಡ ಒಂದು ಫೋಟೋದಲ್ಲೂ ಆ ಮುಖ ಇಲ್ಲ. ಅವಳನ್ನು ಎತ್ತಿಕೊಂಡರೆ ನನಗೆ ಲೆಕ್ಕವೇ ಬರುತ್ತದೆ: ಎಷ್ಟು ಕುಡಿದಳು, ಎಷ್ಟು ಮಲಗಿದಳು, ಉಸಿರು ಇದೆಯೇ. ಪ್ರೀತಿ ಇಲ್ಲ ಎಂದಲ್ಲ. ಇದ್ದರೆ ಎಲ್ಲಿದೆ ಎಂದು ಹುಡುಕುತ್ತಿದ್ದೇನೆ.

ಅದಕ್ಕೇ ನಿನ್ನೆ ನಾನು ಅಂದ ಹೂಂ ಅನ್ನು ವಾಪಸು ತೆಗೆದುಕೊಳ್ಳುತ್ತೇನೆ. ಭಾನುವಾರ ಅವಳನ್ನು ಕರೆತಂದು ಬಿಟ್ಟು ಹೋಗಬೇಡ. ಬಂದರೆ ನೀನೂ ಇಲ್ಲೇ ಇರು. ಇರಲು ಆಗದಿದ್ದರೆ ಅವಳು ಅಲ್ಲೇ ಇರಲಿ. ನಾಳೆ ಹತ್ತು ಗಂಟೆಗೆ ಡಾಕ್ಟರನ್ನು ನೋಡುತ್ತೇನೆ. ಟೈಲರಮ್ಮ ಜೊತೆಗೆ ಬರುತ್ತಾರೆ. "ಹೊಲಿಗೆ ಬಿಚ್ಚಿಹೋದ್ರೆ ಬಟ್ಟೆ ಬಿಸಾಡ್ತೀವಾ, ನಡಿ" ಅಂದರು. ಅವರಿಗೆ ಎಲ್ಲ ಹೇಳಿಲ್ಲ. ಎಲ್ಲ ಹೇಳಿದ್ದು ನಿನಗೆ ಮಾತ್ರ.

ಈ ಕಾಗದವನ್ನು ರೈಲಿನ ಕೆಲಸಕ್ಕೆ ಹೊರಡುವ ಇವರ ಕೈಯಲ್ಲೇ ಕಳಿಸುತ್ತಿದ್ದೇನೆ. ಲಕೋಟೆ ಅಂಟಿಸಿಲ್ಲ. ದಾರಿಯಲ್ಲಿ ಓದಿದರೆ ಓದಲಿ, ನನ್ನ ಬಾಯಲ್ಲಿ ಹೇಳುವ ಕಷ್ಟ ತಪ್ಪುತ್ತದೆ. ನೀನು ನನ್ನನ್ನು ಬೈಯುವುದಿದ್ದರೆ ಬರೆದು ಬೈ. ಫೋನಿನಲ್ಲಿ ನಾನು ಹೂಂ ಅನ್ನುತ್ತಲೇ ಇರುತ್ತೇನೆ.

ನಿನ್ನ ತಂಗಿ

ಮರೆತಿದ್ದೆ: ಮೊನ್ನೆ ಸೋಮವಾರ ನೀನು ಕಳಿಸಿದ ಸಾಸಿವೆಯ ವಿಡಿಯೋ ನಲವತ್ತು ಸಲವಾದರೂ ನೋಡಿರಬೇಕು. ಇಪ್ಪತ್ತಾರು ಸೆಕೆಂಡು. ಒಂಬತ್ತನೆಯದಕ್ಕೆ ಅವಳು ತಲೆ ಎಡಕ್ಕೆ ಹೊರಳಿಸುತ್ತಾಳೆ. ಹನ್ನೆರಡರಿಂದ ಕೊನೆಯವರೆಗೆ ಬಾಗಿಲ ಕಡೆ ನೋಡಿ ನಗುತ್ತಾಳೆ, ಎರಡೂ ಕೈ ಮುಂದೆ ಚಾಚುತ್ತಾಳೆ. ಯಾರು ಬಂದರು ಎಂದು ಅದರಲ್ಲಿ ಕಾಣುವುದಿಲ್ಲ. ವಿಡಿಯೋ ತೆಗೆದದ್ದು ಭಾವ ಎಂದು ನೀನು ಹೇಳಿದ್ದೆ. ಹಾಗಾದರೆ ಬಾಗಿಲಲ್ಲಿದ್ದವಳು ನೀನೇ ಇರಬೇಕು. ನೀನೇ ಆಗಿದ್ದರೆ ನೀನೇ ಎಂದು ಬರಿ ಅಕ್ಕ. ಪಟ್ಟಿಯಲ್ಲಿ ಆ ಒಂದು ಜಾಗ ಖಾಲಿ ಬಿಟ್ಟಿದ್ದೇನೆ.