ಮಹಡಿಯ ಮೇಲಿನ ಕತ್ತರಿ

ಗುರುವಾರ ಬೆಳಿಗ್ಗೆ, ಹೊಲಿಗೆ ಅಂಗಡಿಯಿಂದ

ನನ್ನ ಗಟ್ಟಿ ಜೀವದ ಮೊಮ್ಮಗಳೇ,

ನಿನ್ನ ಎದೆಯ ಆಪರೇಷನ್ನು ಸುಸೂತ್ರವಾಗಿ ಮುಗಿಯಿತೆಂದು ನಿಮ್ಮಪ್ಪ ಫೋನು ಮಾಡಿದಾಗಿನಿಂದ ನನ್ನ ಕೈ ನೆಟ್ಟಗೆ ಓಡುತ್ತಿಲ್ಲ. ಒಂದು ಅಂಗಿಗೆ ಎರಡೂ ಎಡಗೈ ತೋಳನ್ನೇ ಹಚ್ಚಿದ್ದೇನೆ. ಗಿರಾಕಿ ಬೈದ. ಬೈಯಲಿ, ಇವತ್ತು ನನಗೆ ಬೈಗುಳವೂ ಜೋಗುಳ. ಮೂರನೇ ಕ್ಲಾಸಿನ ಅಕ್ಷರ ನನ್ನದು, ಆದರೂ ಕಾಗದವನ್ನೇ ಬರೆಯಬೇಕಾಯಿತು. ಫೋನಿನಲ್ಲಿ ಹೇಳೋಣವೆಂದರೆ ಮಹಡಿಯ ಮೇಲಿನವರ ಕಿವಿ ಬಲು ಚುರುಕು.

ಅಂಗಡಿಯ ಮಹಡಿಗೆ ಮೂವರು ಮುದುಕಿಯರು ಬಾಡಿಗೆಗೆ ಬಂದಿದ್ದಾರೆ ಎಂದಿದ್ದೆನಲ್ಲ, ಅವರು ಗ್ರೀಕರ ಹಳೆಯ ದೇವತೆಗಳೇ ಅಂತೆ. ಗುಡಿಗಳು ಬಿದ್ದುಹೋದ ಮೇಲೆ ಅಲ್ಲಿನ ದೇವರುಗಳೆಲ್ಲ ಕೆಲಸ ಹುಡುಕಿಕೊಂಡು ಹೊರಟರಂತೆ. ಸಿಡಿಲಿನ ಯಜಮಾನ ನಮ್ಮ ಕರೆಂಟ್ ಆಫೀಸಿನಲ್ಲಿದ್ದಾನೆ; ಅದಕ್ಕೇ ನಮ್ಮ ಬೀದಿಗೆ ಈ ಗತಿ. ಈ ಅಕ್ಕತಂಗಿಯರು ಮಾತ್ರ ಕಸುಬು ಬಿಟ್ಟಿಲ್ಲ. ಹಿರಿಯಳು ಮನುಷ್ಯರ ಆಯುಷ್ಯದ ನೂಲು ನೂಲುತ್ತಾಳೆ, ನಡುವಿನವಳು ಅಳೆಯುತ್ತಾಳೆ, ಕಿರಿಯಳು ಗಳಿಗೆ ಬಂದಾಗ ಕತ್ತರಿಸುತ್ತಾಳೆ. ಹಣೆಯಲ್ಲಿ ಬರೆಯೋದು ಕೇಳಿದ್ದೀನಿ, ದಾರದಲ್ಲಿ ಸುತ್ತೋದು ಎಲ್ಲಾದರೂ ಉಂಟಾ ಅಂತ ಮೊದಲು ನಕ್ಕಿದ್ದೆ.

ಮಂಗಳವಾರ ನಿನ್ನನ್ನು ಆಪರೇಷನ್ನಿಗೆ ಒಳಗೆ ಕರೆದೊಯ್ದ ಹೊತ್ತಿನಲ್ಲಿ, ಒಬ್ಬಳೇ ಇರಲಾರದೆ ಅವರ ಕೋಣೆಯಲ್ಲಿ ಹೋಗಿ ಕೂತಿದ್ದೆ. ನಡುವಿನವಳು ಒಂದು ಹಳದಿ ನೂಲು ಎಳೆದು, ಇದು ನಿನ್ನ ಮೊಮ್ಮಗಳದ್ದು ಕಣೇ, ಇಷ್ಟೇ ಉದ್ದ ಇರೋದು, ಗಟ್ಟಿ ಮನಸ್ಸು ಮಾಡ್ಕೋ ಅಂದಳು. ಕಿರಿಯಳು ಕತ್ತರಿ ಹಾಕಿದಳು. ಹಲ್ಲಿಲ್ಲದವರು ಕಬ್ಬು ಜಗಿದಂತಾಯಿತೇ ಹೊರತು ನೂಲು ತುಂಡಾಗಲಿಲ್ಲ. ಇನ್ನೊಮ್ಮೆ ಹಾಕಿದಳು. ಊಹೂಂ. ನನ್ನ ಕತ್ತರಿ ಯಾರೇ ಮುಟ್ಟಿದ್ದು ಅಂತ ಕಿರುಚಿದಳು.

ನಾನೇ, ಭಾನುವಾರ ನಿನ್ನ ಕತ್ತರಿ ಎರವಲು ತಗೊಂಡಿದ್ದೆನಲ್ಲ, ಅದರಲ್ಲಿ ಅಳತೆಯ ಕಾಗದ ಕತ್ತರಿಸಿಬಿಟ್ಟೆ ಕಣಮ್ಮಾ, ತಪ್ಪಾಯ್ತು ಅಂದೆ. ಬಟ್ಟೆಯ ಕತ್ತರಿಯನ್ನು ಕಾಗದಕ್ಕೆ ಹಾಕಿದರೆ ಮೊಂಡಾಗುತ್ತದೆಂದು ದರ್ಜಿ ಮನೆಯ ಕೂಸಿಗೂ ಗೊತ್ತು. ಆಯುಷ್ಯದ ಕತ್ತರಿಗೂ ಅದೇ ಕತೆಯಂತೆ. ಮೂರು ಸಾವಿರ ವರ್ಷದಿಂದ ಸಾಣೆ ಕೇಳದ ಕತ್ತರಿ, ರಾಜರ ನೂಲು ಕತ್ತರಿಸಿದ್ದು, ನಿನ್ನಂಥ ಹರಕು ಹೊಲಿಯೋಳ ಕೈಗೆ ಕೊಟ್ಟೆನಲ್ಲ, ನನ್ನ ಬುದ್ಧಿಗಿಷ್ಟು ಅಂತ ಕಿರಿಯಳು ಮಂಗಳಾರತಿ ಎತ್ತಿದಳು. ತಲೆ ತಗ್ಗಿಸಿ ಕೇಳಿಸಿಕೊಂಡೆ. ನಾನು ತಲೆ ತಗ್ಗಿಸಿದ್ದನ್ನು ನೀನು ಕಂಡಿದ್ದೀಯಾ?

ಸಾಣೆಯವನು ಬರುವಷ್ಟರಲ್ಲಿ ಗಳಿಗೆ ಮೀರಿತು. ಗಳಿಗೆ ಮೀರಿದ ನೂಲನ್ನು ಹಿರಿಯಳ ನೂಲುವ ಕದಿರಿಗೇ ಮರಳಿಸಬೇಕು, ಅದು ಅವರ ಕಟ್ಟಳೆ. ಆಕೆಗೋ ನೂಲಲು ಕೂತರೆ ನಿಲ್ಲಿಸಲು ಬಾರದು, ನನಗೆ ಮಾತು ನಿಲ್ಲಿಸಲು ಬಾರದ ಹಾಗೆ. ಇನ್ನೂ ನೂಲುತ್ತಲೇ ಇದ್ದಾಳೆ. ಆ ಸದ್ದು ಕೇಳಿಕೊಂಡೇ ನಿನ್ನೆ ನನ್ನ ಗಂಟಲಲ್ಲಿ ಗಂಜಿ ಇಳಿಯಿತು.

ಭಾರ ಎತ್ತಬೇಡ. ಮಾತ್ರೆ ಕದ್ದು ಬಿಸಾಡಬೇಡ. ಡಾಕ್ಟರಿಗೆ ನನ್ನ ನಮಸ್ಕಾರ ಹೇಳು. ಅವರ ಹೊಲಿಗೆ ಎಷ್ಟು ನೇರವಾಗಿದೆಯೆಂದು ಬಂದು ನೋಡುತ್ತೇನೆ.

ತಪ್ಪು ತೋಳು ಬಿಚ್ಚುತ್ತಾ ಕೂತಿರುವ,
ನಿನ್ನ ಅಜ್ಜಿ

ಇನ್ನೊಂದು ಮಾತು. ಓದಿದ ಮೇಲೆ ಇದನ್ನು ಹರಿದುಹಾಕು. ನಿನ್ನ ನೂಲಿನ ಸುದ್ದಿ ನನ್ನ ಕಿವಿಗೆ ಬಿದ್ದದ್ದು ಮಂಗಳವಾರವಲ್ಲ, ಶನಿವಾರವೇ, ಮಹಡಿಯ ಮೆಟ್ಟಿಲ ಮೇಲೆ. ನಲವತ್ತು ವರ್ಷ ಹೊಲಿದವಳು ಬಟ್ಟೆಯ ಕತ್ತರಿಯಲ್ಲಿ ಕಾಗದ ಕತ್ತರಿಸುತ್ತೇನೆಯೇ? ಕಾಗದವಲ್ಲ ಮಗಾ. ನಿಮ್ಮ ತಾತನ ಹಳೆಯ ಜಾಕೀಟಿನ ಹಿತ್ತಾಳೆ ಜಿಪ್ಪು. ಒಂದೊಂದೇ ಹಲ್ಲು, ನಿನ್ನ ಹೆಸರು ಹೇಳಿಕೊಂಡು.